ಹುಟ್ಟುಗೂದಲು

ಶಾಲೆಯ ಗೇಟಿನಲ್ಲಿ ಓಚಿ ಮೇಷ್ಟ್ರು ನಾಗಿಸಾಳನ್ನು ತಡೆದು ನಿಲ್ಲಿಸಿದಾಗ, ಹೇಗಿದ್ದೀಯಮ್ಮ ಎಂದು ಕೇಳುತ್ತಾರೆ ಎಂದೇ ಅವಳು ಅಂದುಕೊಂಡಳು. ಕೇಳಿದರೆ ಹೇಳಬೇಕಾದ ಉತ್ತರವನ್ನು ಬಂದರಿನ ರಸ್ತೆಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು: ಚೆನ್ನಾಗಿದ್ದೀನಿ ಸರ್, ಎಲ್ಲಾ ನಿಮ್ಮೆಲ್ಲರ ದಯ.

ಮೇಷ್ಟ್ರು ಹಾಗೇನೂ ಕೇಳಲಿಲ್ಲ. ಕೋಟಿನ ಜೇಬಿನಿಂದ ಒಂದು ಪಟ್ಟಿ ತೆಗೆದರು. ಗೋಡೆಗೆ ಯಾವ ಬಣ್ಣ ಬೇಕು ಎಂದು ಅಂಗಡಿಯವರು ತೋರಿಸುತ್ತಾರಲ್ಲ, ಅಂಥದ್ದು. ಬಣ್ಣದ ಬದಲು ಅದರ ಮೇಲೆ ಕೂದಲಿನ ಸಣ್ಣ ಸಣ್ಣ ಕುಚ್ಚುಗಳನ್ನು ಕಡುಗಪ್ಪಿನಿಂದ ಹಿಡಿದು ಗೋಧಿಬಣ್ಣದವರೆಗೆ ಸಾಲಾಗಿ ಅಂಟಿಸಿದ್ದರು. ಅದನ್ನು ಅವಳ ಕಿವಿಯ ಪಕ್ಕ ಹಿಡಿದು, ಕಣ್ಣು ಕಿರಿದು ಮಾಡಿ, ಹೋಲಿಸಿ ನೋಡಿದರು.

"ಹ್ಯೋಡೊ," ಎಂದು ಅವಳ ಮನೆತನದ ಹೆಸರು ಹಿಡಿದು ಕರೆದರು. "ಏನಮ್ಮ ಇದು?"

"ಕೂದಲು ಸರ್."

ಹಿಂದೆ ನಿಂತಿದ್ದ ಯಾರೋ ಕಿಸಕ್ಕೆಂದರು. ಅವಳೇನೂ ಉದ್ಧಟತನಕ್ಕೆ ಹಾಗೆ ಹೇಳಿರಲಿಲ್ಲ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಅಷ್ಟೇ.

"ಕೂದಲು ಅಂತ ನಂಗೂ ಕಾಣುತ್ತೆ. ಬಣ್ಣ ಹಾಕಿಸಿದ್ದೀಯ. ಸಾಲದು ಅಂತ ಗುಂಗುರು ಬೇರೆ ಮಾಡಿಸಿದ್ದೀಯ."

"ಇಲ್ಲ ಸರ್. ಔಷಧಿ ಮುಗಿದ ಮೇಲೆ ಹೀಗೇ ಬಂತು. ತಾನಾಗೇ."

ಮೇಷ್ಟ್ರು ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು ಎಂದು ನಾಗಿಸಾಳಿಗೆ ಆಮೇಲೆ ಅನ್ನಿಸಿತು. "ನಿನ್ನ ಕಷ್ಟ ನಮಗೆಲ್ಲಾ ಗೊತ್ತು. ಆದ್ರೆ ನಿಯಮ ಎಲ್ಲರಿಗೂ ಒಂದೇ ಅಲ್ವಾ? ಈ ತಿಂಗಳು ಮುಗಿಯೋದ್ರೊಳಗೆ ಕಪ್ಪು ಮಾಡಿಸಿ, ನೇರ ಮಾಡಿಸ್ಕೊಂಡು ಬಾ."

ಎರಡು ವರ್ಷದ ಹಿಂದೆ ನಾಗಿಸಾಳ ಕೂದಲು ಸೊಂಟದವರೆಗೆ ಇತ್ತು. ನೀರಿನಿಂದ ಎತ್ತಿದ ಕಡಲಪಾಚಿಯ ಹಾಗೆ ಕಪ್ಪಗೆ, ನೆಟ್ಟಗೆ, ಮಿಂಚುತ್ತಿತ್ತು. ರಕ್ತದ ಕ್ಯಾನ್ಸರ್ ಎಂದು ತಿಳಿದು ಮತ್ಸುಯಾಮಾ ನಗರದ ದೊಡ್ಡಾಸ್ಪತ್ರೆ ಸೇರಿದ ಮೇಲೆ ಅದು ದಿಂಬಿನ ಮೇಲೆ, ಸ್ನಾನದ ಮನೆಯ ತೂಬಿನಲ್ಲಿ, ಅನ್ನದ ಬಟ್ಟಲಿನಲ್ಲಿ ಉದುರಿತು. ಒಂದು ಚಳಿಗಾಲ, ಒಂದು ಬೇಸಿಗೆ ಅವಳು ಬೋಳುತಲೆಯಲ್ಲೇ ಕಳೆದಳು. ಆಮೇಲೊಂದು ದಿನ ನೆತ್ತಿಯ ಮೇಲೆ ಕೈಯಾಡಿಸಿದಾಗ ಬೆರಳಿಗೆ ಏನೋ ಮೆತ್ತಗೆ ತಾಕಿತು. ಬಂದದ್ದು ಹಳೆಯ ಕೂದಲಲ್ಲ. ಬೇಯಿಸಿದ ಚೆಸ್ಟ್‌ನಟ್ ಕಾಯಿಯ ಸಿಪ್ಪೆಯಂಥ ಕೆಂಗಂದು, ಕುರಿಮರಿಯ ಮೈಯಂಥ ಗುಂಗುರು. ಪಕ್ಕದ ಹಾಸಿಗೆಯ ಕೊನೊಹಾ, ಅವಳಿಗೂ ಹದಿನಾರು, ಮೂಳೆಮಜ್ಜೆಯ ಕಾಯಿಲೆ, ಅದನ್ನು ಮೊದಲು ಮುಟ್ಟಿ ನೋಡಿ "ಮ್ಯಾ" ಎಂದು ಕೂಗಿದ್ದಳು. ಇಡೀ ವಾರ್ಡು ನಕ್ಕಿತ್ತು. ನಾಗಿಸಾ ಆ ಗುಂಗುರನ್ನು ದಿನಕ್ಕೆ ಹತ್ತು ಸಲ ಕನ್ನಡಿಯಲ್ಲಿ ನೋಡಿಕೊಂಡಿದ್ದಳು. ಇದು ಬದುಕಿದವರ ಕೂದಲು ಎಂದು ಯಾರೂ ಹೇಳಿರಲಿಲ್ಲ, ಅವಳಿಗೆ ಮಾತ್ರ ಹಾಗನ್ನಿಸುತ್ತಿತ್ತು.

ಶಾಲೆಗೆ ಮರಳಿದರೆ ತರಗತಿ ಹಳೆಯದಲ್ಲ. ವರ್ಷ ಕಳೆದುಕೊಂಡವಳಾದ್ದರಿಂದ ಅವಳು ತನಗಿಂತ ಚಿಕ್ಕವರ ನಡುವೆ ಕೂರಬೇಕಾಯಿತು. ಅವರೋ ಅವಳನ್ನು ಗಾಜಿನ ಬಳೆಯ ಹಾಗೆ ನೋಡಿಕೊಂಡರು. "ಹ್ಯೋಡೊ ಅವರೇ, ನೀವು ಮೊದಲು ಹೋಗಿ." "ಹ್ಯೋಡೊ ಅವರೇ, ಚೀಲ ನಾವು ಎತ್ಕೋತೀವಿ, ನೀವು ಬಿಡಿ." ಆ 'ನೀವು' ಕೇಳಿ ಕೇಳಿ ಅವಳಿಗೆ ತಾನು ತರಗತಿಗೆ ಬಂದ ಅಜ್ಜಿಯೇನೋ ಅನ್ನಿಸುತ್ತಿತ್ತು.

ಸಂಜೆ ಅಮ್ಮನಿಗೆ ವಿಷಯ ಹೇಳಿದಳು. ಅಮ್ಮ ಕಾಯೊಕೊ ಕಿತ್ತಳೆ ವಿಂಗಡಿಸುವ ಶೆಡ್ಡಿನಿಂದ ಆಗಷ್ಟೇ ಬಂದು ಮೀನು ಬೇಯಿಸುತ್ತಿದ್ದಳು. ಅಪ್ಪ ಕಡಲಿನಲ್ಲಿ ಬಲೆಪಂಜರ ಕಟ್ಟಿ ಮೀನು ಸಾಕುವವನು. ಮನೆಯಲ್ಲಿ ಮೀನಿಗೆ ಬರವಿರಲಿಲ್ಲ, ಆದರೆ ಹಸಿ ಮೀನು ಮಗಳಿಗೆ ಇನ್ನೂ ವರ್ಜ್ಯವಾದ್ದರಿಂದ ಮನೆಯವರೆಲ್ಲ ಬೆಂದದ್ದನ್ನೇ ತಿನ್ನುತ್ತಿದ್ದರು.

"ಹುಟ್ಟಿನಿಂದ್ಲೇ ಕೂದಲು ಹೀಗಿದೆ ಅಂತ ಶಾಲೆಗೆ ಬರೆದುಕೊಡೋ ಹುಟ್ಟುಗೂದಲಿನ ಪತ್ರ ಅಂತ ಇರುತ್ತಲ್ಲ, ಅದನ್ನ ಕೊಟ್ರೆ ಆಗಲ್ವಾ?" ಎಂದಳು ಅಮ್ಮ.

"ಅದಕ್ಕೆ ಚಿಕ್ಕೋಳಿದ್ದಾಗಿನ ಫೋಟೋ ಅಂಟಿಸ್ಬೇಕಮ್ಮ. ನನ್ನ ಫೋಟೋದಲ್ಲಿ ಕೂದಲು ಹೇಗಿದೆ?"

ಅಮ್ಮನ ಕೈ ಸೌಟಿನ ಮೇಲೆ ನಿಂತಿತು. ಫೋಟೋಗಳಲ್ಲೆಲ್ಲ ಕೂದಲು ಕಪ್ಪು, ನೇರ. ಹುಟ್ಟಿದಾಗಿನಿಂದ ಹೀಗೇ ಇದೆ ಎಂದು ಬರೆದುಕೊಟ್ಟರೆ ಸುಳ್ಳು. ಈಗ ಬಂದದ್ದು ಎಂದರೆ ಪತ್ರ ಸಿಗದು. ಹುಟ್ಟಿನ ಕೂದಲಿಗೆ ಮರ್ಯಾದೆಯಿತ್ತು. ಸಾವಿನ ಬಾಗಿಲು ಮುಟ್ಟಿ ಬಂದ ಮೇಲೆ ಹುಟ್ಟಿದ ಕೂದಲಿಗೆ ಅಲ್ಲಿ ಹೆಸರೇ ಇರಲಿಲ್ಲ.

ಮಾರನೆಯ ದಿನ ಅಮ್ಮ ಶಾಲೆಗೆ ಫೋನ್ ಮಾಡಿದಳು. ಬಾಗಿಲ ಸಂದಿಯಿಂದ ನಾಗಿಸಾ ನೋಡಿದಳು: ಫೋನಿನ ಆಚೆ ಇರುವವರಿಗೆ ಅಮ್ಮ ಸೊಂಟ ಬಗ್ಗಿಸಿ ನಮಸ್ಕರಿಸುತ್ತಿದ್ದಳು. "ನಮ್ಮಿಂದ ತೊಂದರೆ ಆಯ್ತು, ಕ್ಷಮಿಸಿ. ಡಾಕ್ಟ್ರು ಬಣ್ಣ ಹಾಕ್ಬೇಡಿ ಅಂದಿದ್ದಾರೆ... ಹೌದು, ಹೌದು... ಸಂಜೆಗೆ ತೊಳೆದ್ರೆ ಹೋಗುವಂಥದ್ದಾ? ಆಗ್ಲಿ ಸರ್. ಕ್ಷಮಿಸಿ."

ಹಾಗೆ ಮನೆಗೆ ಬಂತು ಕರಿ ಸ್ಪ್ರೇ ಡಬ್ಬಿ. ಬಣ್ಣ ಹಾಕಿಸಬಾರದು ಎಂದರೆ ಬಣ್ಣ ಊದಬಹುದಲ್ಲ ಎಂಬುದು ಓಚಿ ಮೇಷ್ಟ್ರ ತರ್ಕ.

"ನಾನು ಕಾಯಿಲೆ ಬಿದ್ದಿದ್ದು ತಪ್ಪಾ ಅಮ್ಮ?" ನಾಗಿಸಾ ಕೇಳಿಯೇಬಿಟ್ಟಳು. "ನರ್ಸಿಗೆ ಕ್ಷಮಿಸಿ, ಪಕ್ಕದ ಮನೆಯವರಿಗೆ ಕ್ಷಮಿಸಿ, ಈಗ ಈ ಓಚಿಗೂ ಕ್ಷಮಿಸಿ. ಯಾರ ಮನೆ ಹಾಳು ಮಾಡಿದ್ದೀನಿ ನಾನು?"

"ಬಾಯಿ ಮುಚ್ಚು. ಇನ್ನೊಂದು ವರ್ಷ ಹೋದ್ರೆ ಏನ್ಮಾಡ್ತೀಯ? ತಲೆ ಬಗ್ಗಿಸು, ಕಣ್ಣು ಮುಚ್ಕೋ."

ನಾಗಿಸಾ ತಲೆ ಬಗ್ಗಿಸಿದಳು. ಸ್ಪ್ರೇ ತಣ್ಣಗೆ ನೆತ್ತಿಗೆ ಬಡಿಯಿತು, ಸೀಮೆಎಣ್ಣೆಯಂಥ ವಾಸನೆ ಬಂತು. ಅಮ್ಮ ಗುಂಗುರನ್ನು ಬಾಚಿ ಬಾಚಿ ಒತ್ತಿ ಕಪ್ಪು ಟೋಪಿಯ ಹಾಗೆ ಕೂರಿಸಿದಳು. ಗೇಟಿನಲ್ಲಿ ಮೇಷ್ಟ್ರು ಪಟ್ಟಿ ತೆಗೆಯಲೂ ಇಲ್ಲ. "ನೋಡು, ಮನಸ್ಸು ಮಾಡಿದ್ರೆ ಆಗುತ್ತೆ" ಎಂದು ಬೆನ್ನು ತಟ್ಟಿದರು.

ಮೇ ತಿಂಗಳ ಬಿಸಿಲು. ಆಟದ ಪಿರಿಯಡ್ಡಿನಲ್ಲಿ ನಾಗಿಸಾ ಓಡುವ ಹಾಗಿರಲಿಲ್ಲ, ಗೆರೆಯ ಪಕ್ಕ ನಿಂತು ಸೀಟಿ ಊದುತ್ತಿದ್ದಳು. ನಿಂತಲ್ಲೇ ಬೆವರಿತು. ಕಿವಿಯ ಹಿಂದಿನಿಂದ ಕರಿ ನೀರು ಇಳಿದು ಬಿಳಿ ಅಂಗಿಯ ಕಾಲರಿಗೆ ಹರಡಿತು. ಹುಡುಗಿಯರು ನೋಡಿದರು. ಒಬ್ಬರೂ ನಗಲಿಲ್ಲ. ಎಲ್ಲರೂ ಒಟ್ಟಿಗೆ ಬೇರೆ ಕಡೆ ನೋಡಿದರು. ಆ ಸೌಜನ್ಯ ಕಪಾಳಕ್ಕೆ ಹೊಡೆದ ಹಾಗಿತ್ತು.

ಒಬ್ಬಳು ಮಾತ್ರ ಬಂದು ಅವಳ ಕೈ ಹಿಡಿದು ನಲ್ಲಿಯ ಕಟ್ಟೆಗೆ ಎಳೆದುಕೊಂಡು ಹೋದಳು. ಮಕಿಸೆ ಇಬುಕಿ, ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರುವ ಮೌನಿ ಹುಡುಗಿ. ತನ್ನ ಟವೆಲ್ ಒದ್ದೆ ಮಾಡಿ ಕುತ್ತಿಗೆ ಒರೆಸತೊಡಗಿದಳು.

"ಸುಮ್ನೆ ಯಾಕಿದ್ದೀರಿ ನೀವು? ಕ್ಯಾನ್ಸರ್ ಬಂದೋರೂ ಸುಮ್ನಿದ್ರೆ ನಮ್ಮಂಥೋರು ಏನು ಮಾಡ್ಬೇಕು?"

"ನಿಮ್ಮಂಥೋರು ಅಂದ್ರೆ?"

ಇಬುಕಿ ತಲೆ ಬಗ್ಗಿಸಿ ಬೈತಲೆ ಬಿಡಿಸಿ ತೋರಿಸಿದಳು. ಕಪ್ಪು ಕೂದಲಿನ ಬುಡದಲ್ಲಿ ಒಂದು ಅಕ್ಕಿಕಾಳಿನಷ್ಟು ಕಂದು. ಅದರ ಕೆಳಗೆ ಚರ್ಮ ಕೆಂಪಗೆ, ಅಲ್ಲಲ್ಲಿ ಹಕ್ಕಳೆಗಟ್ಟಿತ್ತು. "ನಂದು ಹುಟ್ಟಿದಾಗಿಂದ ಕಂದು. ತಿಂಗಳಿಗೊಂದ್ಸಲ ಕಪ್ಪು ಮಾಡ್ತೀವಿ. ಹನ್ನೆರಡು ವರ್ಷದವಳಿದ್ದಾಗಿಂದ."

"ನಿಂಗೆ ಆ ಪತ್ರ ಸಿಗುತ್ತಲ್ವಾ? ಫೋಟೋ ಇರುತ್ತಲ್ಲ?"

"ಕೊಟ್ಟಿದ್ವಿ. ಆದ್ರೂ ದಿನಾ ಗೇಟಲ್ಲಿ ನಿಲ್ಸೋರು. 'ಇವತ್ತು ಸ್ವಲ್ಪ ಜಾಸ್ತಿ ಕೆಂಪಿದೆಯಲ್ಲ?' ಬಿಸಿಲಿಗೆ ನಿಂತ್ರೆ ಕೆಂಪು ಕಾಣದೆ ಇನ್ನೇನು ಕಾಣುತ್ತೆ? ಅಮ್ಮನಿಗೆ ಸಾಕಾಗಿ ಬಣ್ಣದ ಡಬ್ಬಿ ತಂದಿಟ್ಳು." ಟವೆಲ್ ಹಿಂಡಿದಳು, ಕಟ್ಟೆಯ ಮೇಲೆ ಕರಿ ನೀರು ಹರಿಯಿತು. "ತಲೆ ಆಚೆ ತಿರುಗಿಸೇ. ಕಿವಿಯೊಳಗೂ ಹೋಗಿದೆ ನಿಂಗೆ."

'ನಿಂಗೆ' ಎಂದದ್ದು ಇಬ್ಬರಿಗೂ ತಿಳಿಯಿತು. ಇಬುಕಿ ನಾಲಿಗೆ ಕಚ್ಚಿಕೊಂಡಳು.

"ಹಾಗೇ ಇರ್ಲಿ ಕಣೇ," ಎಂದಳು ನಾಗಿಸಾ.

ಎರಡು ವಾರ ಸ್ಪ್ರೇ ಊದಿದ ಮೇಲೆ ನೆತ್ತಿಯಲ್ಲಿ ಗುಳ್ಳೆಗಳೆದ್ದವು. ಒಂದು ಬೆಳಿಗ್ಗೆ ಜ್ವರ ಬಂತು. ಬೇರೆ ಮಕ್ಕಳಿಗೆ ಜ್ವರ ಬಂದರೆ ಗಂಜಿ, ಹಾಸಿಗೆ. ನಾಗಿಸಾಳಿಗೆ ಜ್ವರ ಬಂದರೆ ಮತ್ಸುಯಾಮಾ. ಇನ್ನೂ ಗುಳಿಗೆ ನುಂಗುತ್ತಿದ್ದ ಮೈ, ಸಣ್ಣ ಹುಣ್ಣಿನಿಂದ ಒಳಗೆ ಏನು ನುಗ್ಗಿದರೂ ತಡೆಯುವ ಶಕ್ತಿ ಕಡಿಮೆ. ಅಪ್ಪ ದೋಣಿ ಬಿಟ್ಟು ಬಂದು ಕಾರು ಓಡಿಸಿದ. ತಿರುವಿನಲ್ಲಿ ಒಮ್ಮೆ "ವಾಂತಿ ಬರುತ್ತೇನಮ್ಮ?" ಎಂದು ಕೇಳಿದ.

ಡಾಕ್ಟರು ನೆತ್ತಿ ನೋಡಿ, "ಏನು ಹಾಕಿದ್ರಿ ಇದಕ್ಕೆ?" ಎಂದರು. ಅಮ್ಮ ಬಗ್ಗಿ ಬಗ್ಗಿ ಕ್ಷಮೆ ಕೇಳಿದಳು. ನಾಗಿಸಾ ಗೋಡೆಯ ಕಡೆ ತಿರುಗಿ ಮಲಗಿದಳು.

ಸೋಂಕು ರಕ್ತಕ್ಕೆ ಇಳಿದಿರಲಿಲ್ಲ, ಹನಿಹನಿಯಾಗಿ ಔಷಧಿ ಹೋಗಿ ಜ್ವರ ತಗ್ಗಿತು. ಮಧ್ಯಾಹ್ನ ಪರದೆ ಸರಿಸಿ, ಔಷಧಿಯ ಚೀಲ ತೂಗುಹಾಕಿದ ಗಾಲಿಕಂಬ ತಳ್ಳಿಕೊಂಡು ಒಂದು ಬೋಳುತಲೆ ಇಣುಕಿತು. ಕೊನೊಹಾ. ಕಾಯಿಲೆ ತಿರುಗಿ ಬಂದಿತ್ತು, ಕೂದಲೂ ಎರಡನೆಯ ಸಲ ಹೋಗಿತ್ತು.

"ಯಾರೇ ನನ್ನ ಕುರಿಮರಿಗೆ ಡಾಂಬರು ಬಳಿದಿದ್ದು?"

ನಾಗಿಸಾ ಹೇಳಿದಳು. ಕೊನೊಹಾ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. ಅವಳ ಮುಖ ಹಾಗೆ ಕೆಂಪಾದದ್ದನ್ನು ನಾಗಿಸಾ ಹಿಂದೆಂದೂ ನೋಡಿರಲಿಲ್ಲ.

"ನಂಗೊಂದು ಸಲ ಅಂಥ ಕೂದಲು ಬರ್ಲಿ. ಹಸಿರೋ, ಹಳದಿಯೋ, ಹಂದಿಮುಳ್ಳೋ, ಏನಾದ್ರೂ ಬರ್ಲಿ. ಆ ನಿಮ್ಮ ಮೇಷ್ಟ್ರ ಮೂಗಿನ ಮುಂದೆ ತಲೆ ಆಡಿಸ್ಕೊಂಡು ಕುಣೀತೀನಿ. ನೀನು ಏನೇ ಮಾಡಿದೆ? ಹೋಗಿ ತಲೆ ಒಡ್ಡಿದ್ಯಾ?"

"ಅಮ್ಮ..."

"ಅಮ್ಮನ ಮೇಲೆ ಹಾಕ್ಬೇಡ. ನಿನ್ನ ಬೆನ್ನುಹುರಿಗೆ ಸೂಜಿ ಚುಚ್ಚುವಾಗ ಆ ದೊಡ್ಡ ಡಾಕ್ಟ್ರಿಗೇ ಬೈದೋಳು ನೀನು. ಓಚಿ ಕೈಯಲ್ಲಿ ಸೂಜಿನೂ ಇಲ್ವಲ್ಲೇ, ಬರೀ ಪಟ್ಟಿ!"

ಬಾಗಿಲಲ್ಲಿ ಬಟ್ಟೆಯ ಚೀಲ ಹಿಡಿದು ನಿಂತಿದ್ದ ಅಮ್ಮ ಇದನ್ನೆಲ್ಲ ಕೇಳಿಸಿಕೊಂಡಳು. ಒಳಗೆ ಬಂದು ಬಟ್ಟೆ ಮಡಿಸಿಟ್ಟಳು.

ಊರಿಗೆ ಮರಳಿದ ಮೇಲೆ ಮುಖ್ಯೋಪಾಧ್ಯಾಯರಿಂದ ಕರೆ ಬಂತು. ಅವರ ಕೋಣೆಯಲ್ಲಿ ಚಹಾ ಇಟ್ಟಿದ್ದರು. ಮುಖ್ಯೋಪಾಧ್ಯಾಯರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವವರು. ಆಗಿದ್ದಕ್ಕೆ ವಿಷಾದವಿದೆ, ಯಾರ ತಪ್ಪೂ ಅಲ್ಲ, ಎಲ್ಲರೂ ಮಗುವಿನ ಒಳ್ಳೆಯದಕ್ಕೇ ಯೋಚಿಸಿದ್ದು ಎಂದರು. ಪಕ್ಕದಲ್ಲಿ ಕೂತ ಓಚಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಸ್ಪ್ರೇ ಒಗ್ಗಲಿಲ್ಲ, ಸರಿ. ನಂಗೊಂದು ದಾರಿ ಹೊಳೀತು. ಹೋದ ವರ್ಷ ಒಂದ್ಸಲ ಇವಳು ಶಾಲೆಗೆ ಬಂದಿದ್ದಾಗ ವಿಗ್ ಹಾಕ್ಕೊಂಡಿದ್ದಳಲ್ಲ? ಎಷ್ಟು ಲಕ್ಷಣವಾಗಿತ್ತು! ಕಪ್ಪು, ನೇರ. ಅದನ್ನೇ ಹಾಕ್ಕೊಂಡು ಬಂದ್ರೆ ಯಾರಿಗೂ ತೊಂದರೆ ಇಲ್ಲ."

ಅಮ್ಮ ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದಳು. ಕ್ಷಮಿಸಿ ಎನ್ನಲು ಬಾಯಿ ತೆರೆದದ್ದನ್ನು ನಾಗಿಸಾ ಕಂಡಳು. ಆ ಮಾತು ಬರಲಿಲ್ಲ. ಅಮ್ಮ ನಿಧಾನವಾಗಿ ತಲೆ ಎತ್ತಿದಳು.

"ಅದು ಬೇರೆ ಯಾರದೋ ಕೂದಲು ಸರ್."

"ಅಲ್ಲ, ನಾನು ಹೇಳಿದ್ದು..."

"ಇವಳ ಕೂದಲು ಉದುರಿದಾಗ ದಿಂಬಿನ ಮೇಲಿಂದ ಒಂದೊಂದೇ ಆರಿಸಿದೋಳು ನಾನು. ಇವಳು ಎದ್ದು ನೋಡಬಾರದು ಅಂತ ಬೆಳಗಾಗೋ ಮೊದ್ಲೇ ಆರಿಸ್ತಿದ್ದೆ. ಆಮೇಲೆ ಇದು ಬಂತು. ಇದು ಬಂದ ದಿನ ನಮ್ಮನೆಯವರು ದೋಣಿಯಲ್ಲಿ ಕೂತು ಅತ್ತರು. ಆ ಕೂದಲಿಗೆ ನನ್ನ ಕೈಯಾರೆ ಮಸಿ ಬಳಿದೆ, ನಿಮ್ಮ ಮಾತು ಕೇಳಿ. ಎಲ್ಲರ ಹತ್ರ ಕ್ಷಮೆ ಕೇಳಿದ್ದಾಯ್ತು. ಇದಕ್ಕೆ ಮಾತ್ರ ನಾನು ಕೇಳಲ್ಲ. ಕೇಳ್ಬೇಕಾದೋರು ನೀವು."

ಓಚಿ ಮೇಷ್ಟ್ರು ಚಹಾದ ಲೋಟ ನೋಡಿದರು. ಮುಖ್ಯೋಪಾಧ್ಯಾಯರು ಅವಸರವಾಗಿ ಕೈ ಎತ್ತಿದರು. "ಬಿಡಿ ಅಮ್ಮಾ, ಬಿಡಿ. ಅನಾರೋಗ್ಯದ ಕಾರಣಕ್ಕೆ ವಿಶೇಷ ವಿನಾಯಿತಿ ಕೊಡ್ತೀವಿ. ಒಂದು ಚೀಟಿ ಜೇಬಲ್ಲಿಟ್ಟುಕೊಂಡು ಗೇಟಲ್ಲಿ ತೋರಿಸಿದ್ರೆ ಆಯ್ತು."

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಾಗಿಸಾಳಿಗೆ ನಲ್ಲಿಯ ಕಟ್ಟೆಯ ಮೇಲೆ ಕಂಡ ಆ ಹಕ್ಕಳೆಗಟ್ಟಿದ ಬೈತಲೆ ನೆನಪಾಯಿತು.

"ಸರ್, ಹುಟ್ಟಿದಾಗಿಂದ ಕೂದಲು ಕಂದಾಗಿರೋರು ಇದ್ದಾರಲ್ಲ, ಅವರಿಗೆ?"

"ಅವರ ವಿಷಯ ಬೇರೆ. ಅವರಿಗೇನೂ ಕಾಯಿಲೆ ಇಲ್ವಲ್ಲ."

"ಹಾಗಾದ್ರೆ ಅವರಿಗೂ ಕಾಯಿಲೆ ಬರ್ಬೇಕಾ ಸರ್?"

ಅಮ್ಮನ ಕೈ ಅಭ್ಯಾಸಬಲದಿಂದ ಮಗಳ ತೋಳು ಜಗ್ಗಲು ಬಂತು, ಅರ್ಧ ದಾರಿಯಲ್ಲಿ ನಿಂತು, ಹಿಂದೆ ಹೋಯಿತು.

"ನಿನ್ನ ಮೇಲಿನ ಕರುಣೆಗೆ ಕೊಟ್ಟಿದ್ದನ್ನ ಹೀಗೆ ಎಳೆದಾಡಬಾರದು," ಎಂದರು ಓಚಿ ಮೇಷ್ಟ್ರು.

"ಕರುಣೆ ಬೇಡ ಸರ್. ನನ್ನ ತಲೆ ಮೇಲೆ ನನ್ನ ಕೂದಲಿದೆ. ಅದಕ್ಕೆ ಚೀಟಿ ಯಾಕೆ?"

ಮಾರನೆಯ ದಿನ ಅವಳು ಗುಂಗುರುಗೂದಲಲ್ಲೇ ಹೋದಳು. ಗೇಟಿನಲ್ಲಿ ಚೀಟಿ ಕೇಳಿದರೆ ತೋರಿಸಲಿಲ್ಲ. ತರಗತಿಗೆ ಬಿಡದೆ ಕಚೇರಿಯ ಪಕ್ಕದ ಸಣ್ಣ ಕೋಣೆಯಲ್ಲಿ ಕೂರಿಸಿ, ಓದಿಕೊ ಎಂದರು. ಅವಳು ಓದಿಕೊಂಡಳು. ಆಸ್ಪತ್ರೆಯಲ್ಲಿ ಇದಕ್ಕಿಂತ ಸಣ್ಣ ಕೋಣೆಯಲ್ಲಿ ತಿಂಗಳುಗಟ್ಟಲೆ ಇದ್ದವಳಿಗೆ ಇದು ಯಾವ ಲೆಕ್ಕ? ಮೊದಮೊದಲು ಒಬ್ಬಳೇ. ಇಬುಕಿ ದೂರದಿಂದ ನೋಡಿ ತಲೆ ತಗ್ಗಿಸಿ ಹೋಗುತ್ತಿದ್ದಳು, ಅವಳಿಗೆ ಭಯವಿತ್ತು. ನಾಗಿಸಾ ಅವಳನ್ನು ಕರೆಯಲೂ ಇಲ್ಲ, ದೂರಲೂ ಇಲ್ಲ. ಜೂನ್ ತಿಂಗಳು ಜಿಟಿಜಿಟಿ ಮಳೆ ಹಿಡಿದ ಹೊತ್ತಿಗೆ ಒಂದು ಬೆಳಿಗ್ಗೆ ಆ ಕೋಣೆಯ ಬಾಗಿಲು ಸರಿಯಿತು. ಇಬುಕಿ ಪುಸ್ತಕದ ಚೀಲ ಹಿಡಿದು ನಿಂತಿದ್ದಳು. ಬೈತಲೆಯ ಎರಡೂ ಕಡೆ ಬೆರಳಗಲ ಕಂದು.

"ಈ ತಿಂಗಳು ಹಚ್ಚಲ್ಲ ಅಂದೆ," ಎಂದಳು. "ಅಮ್ಮ ಕೂಗಾಡಿದ್ಳು. ಆಮೇಲೆ ಡಬ್ಬಿ ತಗೊಂಡು ಹೋಗಿ ಅವಳೇ ಕಸಕ್ಕೆ ಹಾಕಿದ್ಳು. ಜರುಗೇ, ಬೆಂಚು ನಿನ್ನಪ್ಪಂದಾ?"

ಇಬ್ಬರು ಅಮ್ಮಂದಿರು ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡರು. ಪೋಷಕರ ಸಭೆಯಲ್ಲಿ ಕಾಯೊಕೊ ಎದ್ದು ನಿಂತು ಮಾತಾಡಿದಳು. ಊರಲ್ಲಿ ಕೆಲವರು ಅವಳಿಗೆ ನಮಸ್ಕಾರ ಹೇಳುವುದನ್ನು ಬಿಟ್ಟರು. "ಮಗಳು ಬದುಕಿದ್ಳಲ್ಲ, ಅಷ್ಟಕ್ಕೆ ತೃಪ್ತಿ ಪಡಬಾರದಾ" ಎಂದು ಕಿತ್ತಳೆ ಶೆಡ್ಡಿನಲ್ಲೇ ಒಬ್ಬಳು ಅಂದಳಂತೆ. "ಬದುಕಿಸಿಕೊಂಡದ್ದು ತಲೆ ತಗ್ಗಿಸಿ ನಡೆಯೋಕಲ್ಲ" ಎಂದು ಕಾಯೊಕೊ ಉತ್ತರ ಕೊಟ್ಟಳಂತೆ. ಅಮ್ಮ ಈ ಕಥೆಯನ್ನು ಮನೆಯಲ್ಲಿ ಹೇಳಲಿಲ್ಲ, ಅಪ್ಪ ಬಂದರಿನಲ್ಲಿ ಕೇಳಿಕೊಂಡು ಬಂದು ಹೇಳಿದ. ಹೇಳುವಾಗ ಅವನ ಎದೆ ಉಬ್ಬಿತ್ತು.

ಆಗಸ್ಟ್ ತಿಂಗಳ ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ನೋಟಿಸ್ ಬೋರ್ಡಿನಲ್ಲಿ ಎರಡು ಸಾಲು ಅಂಟಿಸಿದ್ದರು. ಸಹಜ ಕೂದಲನ್ನು ಕಪ್ಪು ಮಾಡಿಸುವ ಅಗತ್ಯ ಇನ್ನಿಲ್ಲ. ಯಾಕೆ ಇದ್ದಿತು, ಯಾರಿಗೆ ಏನಾಯಿತು, ಒಂದು ಅಕ್ಷರವಿಲ್ಲ. ಕ್ಷಮಿಸಿ ಎಂಬ ಮಾತಂತೂ ಎಲ್ಲೂ ಇಲ್ಲ. ಓಚಿ ಮೇಷ್ಟ್ರು ಈಗಲೂ ಗೇಟಿನಲ್ಲಿ ನಿಲ್ಲುತ್ತಿದ್ದರು. ಕಣ್ಣು ಮಾತ್ರ ಕಾಲುಚೀಲಗಳ ಮೇಲೆ.

ಶರತ್ಕಾಲದ ಶಾಲಾ ಉತ್ಸವ ಹತ್ತಿರ ಬಂದಾಗ ಮುಖ್ಯೋಪಾಧ್ಯಾಯರು ನಾಗಿಸಾಳನ್ನು ಮತ್ತೆ ಕರೆಸಿದರು. ಈ ಸಲವೂ ಚಹಾ.

"ವೇದಿಕೆ ಮೇಲೆ ನೀನು ಒಂದು ಹತ್ತು ನಿಮಿಷ ಮಾತಾಡ್ಬೇಕು. ಕಾಯಿಲೆ ಜೊತೆ ಹೋರಾಡಿ ಗೆದ್ದ ಬಗ್ಗೆ. ನಿನ್ನ ಧೈರ್ಯ, ನಿನಗೆ ಶಾಲೆ ಕೊಟ್ಟ ಆಸರೆ... ಮಕ್ಕಳಿಗೆ ಸ್ಫೂರ್ತಿ ಸಿಗುತ್ತೆ."

ಆ ವಾರ ಕೊನೊಹಾ ಆಸ್ಪತ್ರೆಯಲ್ಲಿ, ಸೋಂಕು ತಾಕದ ಹಾಗೆ ಇರಿಸುವ ಗಾಜಿನ ಕೋಣೆಯಲ್ಲಿದ್ದಳು. ಕಸಿ ಮಾಡಿದ ತಮ್ಮನ ಮೂಳೆಮಜ್ಜೆ ಅವಳ ಮೈಗೆ ಹಿಡಿಯಿತೋ ಇಲ್ಲವೋ ಇನ್ನೂ ಗೊತ್ತಾಗಿರಲಿಲ್ಲ. ಫೋನಿಗೆ ಉತ್ತರ ಬರುವುದು ನಿಂತಿತ್ತು.

"ನಾನು ಹೋರಾಡಲಿಲ್ಲ ಸರ್," ಎಂದಳು ನಾಗಿಸಾ. "ಅವರು ಔಷಧಿ ಹಾಕಿದ್ರು, ನಾನು ಬಿದ್ಕೊಂಡು ವಾಂತಿ ಮಾಡ್ಕೊಂಡೆ. ನನ್ನ ಗೆಳತಿಯೊಬ್ಬಳಿದ್ದಾಳೆ, ನನಗಿಂತ ನೂರು ಪಾಲು ಗಟ್ಟಿ. ಅವಳಿಗೆ ಕಾಯಿಲೆ ಎರಡು ಸಲ ಬಂತು. ಹೋರಾಡಿದೋರು ಗೆಲ್ತಾರೆ ಅಂತ ನಾನು ಮೈಕಲ್ಲಿ ಹೇಳಿದ್ರೆ, ಅವಳು ಸರಿಯಾಗಿ ಹೋರಾಡಲಿಲ್ಲ ಅಂತ ಆಗುತ್ತೆ."

"ಛೇ, ಹಾಗಲ್ಲಮ್ಮ..."

"ನಾನು ಹೋರಾಡಿದ್ದು ನಿಮ್ಮ ಜೊತೆ ಸರ್. ಅದನ್ನ ಬೇಕಾದ್ರೆ ಹೇಳ್ತೀನಿ. ಹತ್ತು ನಿಮಿಷ ಸಾಕಾಗಲ್ಲ."

ಮುಖ್ಯೋಪಾಧ್ಯಾಯರು ನಗಲು ನೋಡಿದರು, ಆಗಲಿಲ್ಲ. ವೇದಿಕೆಗೆ ಅವಳನ್ನು ಮತ್ತೆ ಯಾರೂ ಕರೆಯಲಿಲ್ಲ.

ಚಹಾ ಹಾಗೇ ಬಿಟ್ಟು ನಾಗಿಸಾ ಹೊರಗೆ ಬಂದಳು. ಮೆಟ್ಟಿಲ ಬಳಿ ಜೇಬಿನಿಂದ ಫೋನ್ ತೆಗೆದು, ಉತ್ತರ ಬರುತ್ತದೋ ಇಲ್ಲವೋ ಎಂದು ಯೋಚಿಸದೆ, ಈಗ ನಡೆದದ್ದನ್ನೆಲ್ಲ ಒಂದು ಮಾತೂ ಬಿಡದೆ ಕೊನೊಹಾಳಿಗೆ ಬರೆಯಲು ಕೂತಳು.